ಪಥ್ಯ ಬಿಡಿಸಿದ ದಿನ

ಮೂತ್ರಪಿಂಡದ ಕಾಯಿಲೆಯ ಬೆಕ್ಕು ಮಿರ್ರು ಮೂರನೇ ದಿನವೂ ಪಥ್ಯದ ಊಟ ಮೂಸಿ ಮುಖ ತಿರುಗಿಸಿದಾಗ ಹೆಲ್ವಿಯ ಎದೆ ಧಸಕ್ಕೆಂದಿತು. ಬೆರಳಿಗೆ ಹಚ್ಚಿ ಹಿಡಿದರೂ ಅದು ಬಾಯಿ ತೆರೆಯಲಿಲ್ಲ. ಅವಳು ಡಾಕ್ಟರಿಗೆ ಫೋನ್ ಮಾಡಿದಳು.

"ಪಥ್ಯ ಬಿಡಿ ಹೆಲ್ವಿ. ಅದು ಏನು ತಿನ್ನುತ್ತೋ ಅದನ್ನೇ ಕೊಡಿ," ಎಂದರು ಡಾಕ್ಟರ್.

ಎರಡು ವರ್ಷದಿಂದ ಒಂದು ಚೂರು ಮೀನಿಗೂ ಗದರುತ್ತಿದ್ದವರು ಇಷ್ಟು ಮೆತ್ತಗೆ ಮಾತಾಡಿದ್ದು ಕೇಳಿ ಅವಳಿಗೆ ಇನ್ನಷ್ಟು ದಿಗಿಲಾಯಿತು. "ಹಂಗಂದ್ರೆ ಇನ್ನು ಆಸೆ ಇಲ್ವಾ?" ಎಂದು ಕೇಳುವ ಧೈರ್ಯ ಬರದೆ ಫೋನ್ ಇಟ್ಟಳು.

"ನಿನ್ನೆ ನಾನು ಮೀನು ಕೊಡೋಕೆ ಹೋದ್ರೆ ಕೊಲೆಗಾರ ಅಂದ್ಯಲ್ಲೇ," ಎಂದು ಗಂಡ ತೌನೋ ಛೇಡಿಸುತ್ತ, ತನ್ನ ತಟ್ಟೆಯ ಹುರಿದ ಮುಯಿಕ್ಕು ಮೀನನ್ನು ಮುರಿದು ಬೆಕ್ಕಿನ ಮುಂದೆ ಹಿಡಿದ. ಮಿರ್ರು ಕುತ್ತಿಗೆ ಚಾಚಿತು, ನೆಕ್ಕಿತು, ತಿಂದಿತು. ಅವನು ಇನ್ನೊಂದು ಚೂರು ಮುರಿಯುವಾಗ ಹೆಲ್ವಿ ಅವನ ಕೈ ನೋಡಿದಳು. ಅದು ಒಂದೊಂದೇ ಮುಳ್ಳನ್ನು ಆರಿಸಿ ತೆಗೆಯುತ್ತಿತ್ತು; ತಟ್ಟೆಯಲ್ಲಿ ಅವನಿಗೆಂದು ಒಂದು ಚೂರೂ ಉಳಿದಿರಲಿಲ್ಲ.