ಹರಪನಹಳ್ಳಿ ತನಕ

ರೈಲಿನ ಕಿಟಕಿಯ ಸರಳು ಹಿಡಿದ ಅಂಗೈಯಲ್ಲಿ ಕಬ್ಬಿಣದ ವಾಸನೆ ಉಳಿದರೆ ನನಗೆ ಈಗಲೂ ಆ ಕೂಸಿನ ಮೇಲೆ ಸಿಟ್ಟು ಬರುತ್ತದೆ.

ಅವತ್ತು ಭಾನುವಾರ. ಕೊಟ್ಟೂರಿನಲ್ಲಿ ಬೋಗಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲೇ ಸಿಕ್ಕಿಕೊಂಡ ಹೆಂಗಸೊಬ್ಬಳು ತನ್ನ ಕೂಸನ್ನು ಜನರ ತಲೆಯ ಮೇಲಿಂದ ನಮ್ಮತ್ತ ದಾಟಿಸಿದಳು.

“ಯಕ್ಕಾ, ಹರಪನಹಳ್ಳಿ ತನಕ ಹಿಡ್ಕಳ್ರಿ.”

ಅವ್ವ ನನ್ನನ್ನು ತೊಡೆಯಿಂದ ಇಳಿಸಿದಳು. “ನೀ ದೊಡ್ಡಾಕಿ ಅದಿಯಲ್ಲ, ನಿಂದ್ರು.”

ಸರಳು ಹಿಡಿದು ನಿಂತೆ. ನನಗೆಂದು ತಂದಿದ್ದ ಬಿಸ್ಕತ್ತು ಚೀಪುತ್ತಾ ಕೂಸು ನಿದ್ದೆಹೋಯಿತು. ಅವ್ವ ಅದಕ್ಕೆ ಸೆರಗಿನಿಂದ ಗಾಳಿ ಬೀಸುತ್ತಲೇ ಇದ್ದಳು.

ಹರಪನಹಳ್ಳಿಯಲ್ಲಿ ಅದು ಮತ್ತೆ ಕೈಯಿಂದ ಕೈಗೆ ದಾಟಿ ತನ್ನ ತಾಯಿಯ ಹತ್ತಿರ ಹೋಯಿತು.

“ಬಾ, ಕುಂದ್ರು,” ಎಂದು ಅವ್ವ ತೊಡೆ ತಟ್ಟಿದಳು.

“ನಾ ದೊಡ್ಡಾಕಿ,” ಎಂದೆ. ನಾವು ಇಳಿಯುವ ತೆಲಿಗಿಯವರೆಗೂ ನಿಂತೇ ಬಂದೆ.

ಅವ್ವ ಮತ್ತೆಂದೂ ನನ್ನನ್ನು ತೊಡೆಗೆ ಕರೆಯಲಿಲ್ಲ.