ಹೋಗಿ ಬಂದ ಪೆಟ್ಟಿಗೆ

ವಿಮಾನದಿಂದ ಕೆಡವಿ, ಪೆಟ್ರೋಲ್ ಸುರಿದು ಸುಟ್ಟ ಉಕ್ಕಿನ ಪೆಟ್ಟಿಗೆಯನ್ನು ಅದನ್ನು ತಯಾರಿಸಿದ ಕಾರ್ಖಾನೆಯ ನಾಗನಾಥ ಬಿಚ್ಚಿದಾಗ ಒಳಗಿನ ಟೇಪು ಕರಗಿರಲಿಲ್ಲ. ಹುಮನಾಬಾದಿನ ಒಂದು ತೊಗರಿ ಹೊಲದಲ್ಲಿ ಅವನೂ, ಕಾಲೇಜಿನ ಪ್ರೊಫೆಸರೂ, ಸರ್ಕಾರದ ಅಧಿಕಾರಿಯೂ ಅದರ ಮೇಲೆ ಬಾಗಿ ನೋಡಿದರು. ವಿಮಾನ ಬಿದ್ದರೂ ಪೈಲಟ್‌ನ ಕೊನೆಯ ಮಾತು ಉಳಿಯಬೇಕು, ಅದಕ್ಕೇ ಈ ಪರೀಕ್ಷೆ. ಹಿಂದಿನ ಪರೀಕ್ಷೆಗಳ ಪೆಟ್ಟಿಗೆಗಳೆಲ್ಲ ಟೇಪು ಸುಟ್ಟು ಮೂಕವಾಗಿದ್ದವು.

ಬೆಳಿಗ್ಗೆ ಟೇಪಿಗೆ ಒಂದು ದನಿ ಬೇಕಾಗಿತ್ತು. ನಾಗನಾಥ ಹೊಲದ ಒಡತಿ ಕಸ್ತೂರಿಬಾಯಿಯ ಮುಂದೆ ಮೈಕು ಹಿಡಿದು, "ಏನರ ಮಾತಾಡ್ರಿ ಅವ್ವಾ" ಎಂದಿದ್ದ. ಆಕೆ ವಿಮಾನ ಏರಲು ಹೊರಟುನಿಂತ ಪೆಟ್ಟಿಗೆಯನ್ನೇ ನೋಡುತ್ತ ಏನೋ ಅಂದಿದ್ದಳು.

ಈಗ ಟೇಪನ್ನು ಯಂತ್ರಕ್ಕೆ ಹಾಕಿದರು. ಮೊದಲು ಬರೀ ಗರಗರ ಸದ್ದು. ಆಮೇಲೆ ಸ್ವಚ್ಛವಾಗಿ ಕಸ್ತೂರಿಬಾಯಿಯ ದನಿ ಬಂತು: "ಹುಷಾರಾಗಿ ಹೋಗಿ ಬಾ, ನನ್ನಪ್ಪಾ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. ಕಸ್ತೂರಿಬಾಯಿ ಗುಡಿಸಲಿನಿಂದ ಒಂದು ತಂಬಿಗೆ ನೀರು ತಂದು ಕರಕಲು ಪೆಟ್ಟಿಗೆಯ ಮುಂದಿಟ್ಟಳು.

"ಬೆಂಕಿ ಆಗಲೇ ಆರೇದ್ರಿ ಅವ್ವಾ, ನೀರ ಬ್ಯಾಡ" ಎಂದ ನಾಗನಾಥ.

"ಬೆಂಕಿಗಲ್ಲ ತಮ್ಮಾ," ಎಂದಳು ಆಕೆ ಮೆಲ್ಲಗೆ. "ಅಷ್ಟ ಮ್ಯಾಲಿಂದ ಹೊಳ್ಳಿ ಬಂದಾನ. ಕಾಲಿಗೆ ನೀರ ಕೊಡಬ್ಯಾಡೇನು?"