ಆರನೆಯ ಬೀಗ

ಐದು ಬೀಗ ಕಳಚಿದವು. ಆರನೆಯದು ವೇದಿಕೆ ದೀಪಗಳ ಸ್ವಿಚ್‌ಬೋರ್ಡಿನ ಕೊಂಡಿಯಲ್ಲಿ ನೇತಾಡುತ್ತಲೇ ಇತ್ತು.

ಲೊರೇನ್ ಅದನ್ನು ಜಗ್ಗಿ ನೋಡಿದಳು. ಜಗ್ಗಿದರೆ ಬರುವಂಥ ಬೀಗವೇ ಅದು? ವೈಯಲ್ಲಾ ಊರಿನ ಈ ರಂಗಮಂದಿರದಲ್ಲಿ ಹನ್ನೊಂದು ವರ್ಷದಿಂದ ವಿದ್ಯುತ್ ಸುರಕ್ಷತೆಯ ಪಾಠ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ವೈರ್ ಮುಟ್ಟುವ ಮುಂಚೆ ಮೇನ್ ಸ್ವಿಚ್ ಆರಿಸಿ. ಒಬ್ಬೊಬ್ಬರೂ ನಿಮ್ಮ ನಿಮ್ಮ ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಿ, ಕೀಲಿ ಜೇಬಿಗಿಡಿ. ನಿಮ್ಮ ಬೀಗವನ್ನು ನೀವೇ ತೆಗೆಯಬೇಕು. ಅದು ಇರುವ ತನಕ ನೀವಿನ್ನೂ ವೈರ್ ಹಿಡಿದುಕೊಂಡಿದ್ದೀರಿ ಎಂದೇ ಲೆಕ್ಕ, ಮೇನ್ ಏರಿಸುವಂತಿಲ್ಲ. ಇಷ್ಟೇ. ಇದರಲ್ಲಿ ತಲೆಗೆ ಹೋಗದಂಥದ್ದು ಏನಿದೆ?

ಉಳಿದ ಬೀಗಕ್ಕೆ ಚೀಟಿಯೂ ಇರಲಿಲ್ಲ. ಅದು ಬೆಳಿಗ್ಗೆಯೇ ಅವಳ ಕಣ್ಣಿಗೆ ಬಿದ್ದಿತ್ತು. ಕೊಂಡಿಗೆ ಆರು ತೂತು. ಇವತ್ತಿನ ಪಾಠಕ್ಕೆ ಮೂವರು ಕಾಲೇಜು ವಿದ್ಯಾರ್ಥಿಗಳು, ಇಬ್ಬರು ರಂಗ ತಂತ್ರಜ್ಞರು, ತಾನು. ಒಟ್ಟು ಆರು ಜನ. ಆರು ಬೀಗ ಎಣಿಸಿದಳು, ಐದು ಚೀಟಿ ಓದಿದಳು. ಚೀಟಿ ಕಟ್ಟದ ಸೋಮಾರಿ ಯಾರೆಂದು ಕೇಳುವ ಅಗತ್ಯವೇ ಬರಲಿಲ್ಲ.

ಜೋಸಿ. ಆ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬಳು, ಇಪ್ಪತ್ತು ನಿಮಿಷ ತಡವಾಗಿ ಬಂದವಳು. ಬಂದವಳೇ ಕೈಯೆತ್ತಿ, "ಲೊರೇನ್, ನನ್ನ ಬೀಗ..." ಎಂದು ರಾಗ ಎಳೆದಿದ್ದಳು.

"ತಡವಾಗಿ ಬಂದಿದ್ದೂ ಅಲ್ದೆ ಪುರಾಣ ಬೇರೆ. ಸುಮ್ನೆ ಕೂತ್ಕೊ" ಎಂದಿದ್ದಳು ಲೊರೇನ್.

ಈಗ ಅದೇ ಜೋಸಿ ಊಟಕ್ಕೆಂದು ಹೋದವಳು ಪತ್ತೆಯಿಲ್ಲ. ಫೋನ್ ಆಫ್.

"ಪೈ ತಿನ್ನೋಕೆ ಹೋದ್ಲೋ, ಅದರ ಹಿಟ್ಟಿಗೆ ಗೋಧಿ ಬೆಳೆಯೋಕೆ ಹೋದ್ಲೋ" ಎಂದ ಕೆವ್, ರಂಗಮಂದಿರದ ದೀಪದ ಕೆಲಸದ ಹಳಬ. ಯಾರೂ ನಗಲಿಲ್ಲ.

ಬಾಗಿಲಲ್ಲಿ ವ್ಯವಸ್ಥಾಪಕ ಗ್ರಾಂಟ್ ಪೆಲ್ಹಮ್ ಕಾಣಿಸಿಕೊಂಡ. ಒಳಗೆ ಬರಲಿಲ್ಲ. ಸೂಟಿಗೆ ಧೂಳು ತಾಗುತ್ತದೆಂದು ಈ ಸ್ವಿಚ್‌ಬೋರ್ಡ್ ಕೋಣೆಯೊಳಗೆ ಅವನು ಕಾಲಿಡುವುದೇ ಅಪರೂಪ.

"ಎರಡು ಗಂಟೆಗೆ ನಾಟಕ. ಮುನ್ನೂರು ಶಾಲೆ ಮಕ್ಕಳು ಬಸ್ಸಿಂದ ಇಳೀತಿದಾರೆ. ನಾನೇನು ಟಾರ್ಚ್ ಹಿಡ್ಕೊಂಡು ತೋರಿಸ್ಲಾ?"

"ಒಂದು ಬೀಗ ಉಳಿದಿದೆ, ಗ್ರಾಂಟ್."

"ಕತ್ತರಿಸಿ ಬಿಸಾಕು."

"ಅದನ್ನ ಹಾಕಿದವರು ಕಣ್ಣೆದುರು ಬಂದು ನಿಲ್ಲೋವರೆಗೂ ಆಗಲ್ಲ."

"ನೋಡಮ್ಮ, ಬೆಳಿಗ್ಗೆ ಎಂಟಕ್ಕೇ ಪೇಪರ್‌ನವರನ್ನ ಕರೆಸಿ ಫೋಟೋ ಕೊಟ್ಟಿದೀನಿ, ಸುರಕ್ಷತೆ ಅಂದ್ರೆ ನಾವು ಅಂತ. ನಾಳೆ ಅದರ ಪಕ್ಕದಲ್ಲೇ ನಾಟಕ ರದ್ದು ಅಂತ ಬರ್ಬೇಕಾ? ಈ ತಿಂಗಳಿಗೆ ನಿನ್ನ ಒಪ್ಪಂದ ಮುಗಿಯುತ್ತೆ, ನೆನಪಿರಲಿ."

ನೆನಪಿಲ್ಲದೆ ಏನು. ರಾತ್ರಿ ನಿದ್ದೆ ಕೆಡಿಸುತ್ತಿದ್ದುದೇ ಅದು. ಆದರೂ ಅವಳು ಅಲುಗಲಿಲ್ಲ.

ಗ್ರಾಂಟ್ ಕೈ ಚಾಚಿದ. "ವರದಿ ಹಾಳೆ ಕೊಡಿಲ್ಲಿ." ಬಾಗಿಲಿಗೇ ಒತ್ತಿ ಹಿಡಿದು ಬರೆದ: ಈ ಬೀಗ ಹಾಕಿದವರು ನಾಳೆಯಿಂದ ಈ ಕಟ್ಟಡದೊಳಗೆ ಕಾಲಿಡಕೂಡದು. ಕೆಳಗೆ ಉದ್ದಕ್ಕೆ ಸಹಿ ಎಳೆದ. "ಹೆಸರು ನೀನೇ ತುಂಬ್ಕೊ."

ಲೊರೇನ್ ತುಂಬಿದಳು. ಜೋಸಿ. ಬರೆಯುವಾಗ ಸ್ವಲ್ಪ ಸಮಾಧಾನವೂ ಆಯಿತು, ಸುಳ್ಳೇಕೆ.

ಒಂದೂ ನಲವತ್ತಕ್ಕೆ ಜೋಸಿ ಏದುಸಿರು ಬಿಡುತ್ತ ಬಂದಳು. ಅಂಗಿಯ ಮೇಲೆ ಟೊಮೆಟೊ ಸಾಸ್.

"ಅಂಗಡೀಲಿ ಸಾಲು ಉದ್ದ ಇತ್ತು, ಫೋನ್ ಚಾರ್ಜ್..."

"ಕೀಲಿ" ಎಂದಳು ಲೊರೇನ್.

ಜೋಸಿ ಚೀಲಕ್ಕೆ ಕೈಹಾಕಿ ಕೀಲಿ ತೆಗೆದಳು. ಕೆಂಪು ತಲೆಯ ಪುಟ್ಟ ಕೀಲಿ; ಈ ಬೀಗಗಳ ಕೀಲಿಗಳೆಲ್ಲ ಹಾಗೇ. ಅದರ ಹಿಂದೆಯೇ ಬೀಗವನ್ನೂ ತೆಗೆದಳು, ಹೆಸರಿನ ಚೀಟಿ ಸಮೇತ.

"ನಾನು ಹಾಕೇ ಇಲ್ಲ, ಲೊರೇನ್. ನಾನು ಬರೋ ಹೊತ್ತಿಗೆ ಆರೂ ತೂತು ತುಂಬಿತ್ತು. ಹೇಳೋಕೆ ಬಂದೆ. ಪುರಾಣ ಬೇಡ ಅಂದ್ರಿ."

ಲೊರೇನ್ ಬೀಗ ಇಸಿದುಕೊಂಡು ಚೀಟಿ ಓದಿದಳು. ಅರ್ಧ ದಿನ ಈ ಹುಡುಗಿ ಬೀಗವಿಲ್ಲದೆ ವೈರ್ ಮುಟ್ಟಿದ್ದಳು, ಅದೂ ತನ್ನ ಕಣ್ಣೆದುರಿಗೆ. ತಾನು ಬೀಗ ಎಣಿಸಿದ್ದಳೇ ಹೊರತು ಜನರನ್ನು ಎಣಿಸಿರಲಿಲ್ಲ. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದು. ಆರು ಜನರೂ ಇಲ್ಲೇ ನಿಂತಿದ್ದಾರೆ. ಹಾಗಾದರೆ ಏಳನೆಯವರು ಯಾರೋ ಒಳಗಿದ್ದಾರೆ.

ಅವಳೂ ಕೆವ್‌ನೂ ಟಾರ್ಚ್ ಹಿಡಿದು ದೀಪದ ಅಟ್ಟ ಹತ್ತಿದರು. ವೇದಿಕೆಯ ಅಡಿಯಲ್ಲಿ ಬಗ್ಗಿ ನೋಡಿದರು. "ಯಾರಿದೀರಿ? ಬೀಗ ಯಾರದು?" ಎಂದು ಕೂಗಿದರು. ಪರದೆಯಾಚೆ ಮಕ್ಕಳ ಗಲಾಟೆ ಬಿಟ್ಟರೆ ಉತ್ತರವಿಲ್ಲ.

ಕೆಳಗಿಳಿದಾಗ ಎರಡಕ್ಕೆ ಐದು ನಿಮಿಷ. ಗ್ರಾಂಟನ ಮುಖ ಕೆಂಪೇರಿತ್ತು.

"ಸಾಕು ನಿನ್ನ ಕಣ್ಣಾಮುಚ್ಚಾಲೆ. ನನ್ನ ಕೋಣೆ ಬೀರುವಿನಲ್ಲಿ ದೊಡ್ಡ ಕಟರ್ ಇದೆ. ನೀನೇ ತಂದು ನೀನೇ ಕತ್ತರಿಸು. ಆಗಲ್ಲ ಅಂದ್ರೆ ಇವತ್ತೇ ಮನೆಗೆ ನಡಿ."

ಜೇಬಿನಿಂದ ಕೀಲಿಗೊಂಚಲು ತೆಗೆದು ಅವಳತ್ತ ಎಸೆದ.

ಲೊರೇನ್ ಹಿಡಿದಳು. ಗೊಂಚಲನ್ನೇ ನೋಡುತ್ತ ನಿಂತಳು. ಆಮೇಲೆ ಅವನ ಕೋಣೆಯತ್ತ ಹೋಗದೆ ನೇರ ಸ್ವಿಚ್‌ಬೋರ್ಡಿಗೆ ನಡೆದಳು. ಕಾರಿನ ಕೀಲಿಗೂ ಬೀರುವಿನ ಕೀಲಿಗೂ ನಡುವೆ ಸಿಕ್ಕಿಕೊಂಡಿದ್ದ ಕೆಂಪು ತಲೆಯ ಪುಟ್ಟ ಕೀಲಿಯನ್ನು ಬೀಗಕ್ಕೆ ಹಾಕಿ ತಿರುಗಿಸಿದಳು. ಬೀಗ ಬಿಚ್ಚಿಕೊಂಡಿತು.

"ಓ, ಅದಾ?" ಎಂದ ಗ್ರಾಂಟ್. "ಅದು ಬರೀ ಫೋಟೋಗೆ ಹಾಕಿದ್ದು."

ಲೊರೇನ್ ಮೇನ್ ಏರಿಸಿದಳು, ಅವನ ಸಹಿಯಿದ್ದ ಹಾಳೆಯಲ್ಲಿ ಜೋಸಿಯ ಹೆಸರು ಹೊಡೆದುಹಾಕಿದಳು, ಅದರ ಪಕ್ಕದಲ್ಲಿ ದುಂಡಗೆ ಬರೆದಳು: ಗ್ರಾಂಟ್ ಪೆಲ್ಹಮ್, ವ್ಯವಸ್ಥಾಪಕ.